ಗುರುಸಿದ್ದಯ್ಯನವರ ಹೊಟ್ಟೆಯಲ್ಲಿ ಉಪ್ಪಿನ ಕಾರ್ಖಾನೆ

ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟುಕೊಂಡಿದ್ದ ಗುರುಸಿದ್ದಯ್ಯನವರಿಗೆ, ಲೋಹಗಳ ವಿಷಯದಲ್ಲಿ ತಮ್ಮನ್ನು ಮೀರಿಸುವವರು ಯಾರೂ ಇಲ್ಲ ಎಂಬ ನಂಬಿಕೆ ಇತ್ತು. ಕೊಡವೊಂದನ್ನು ಕೈಗೆತ್ತಿಕೊಂಡು, ಬೆರಳಿನಿಂದ ತಟ್ಟಿ, ಕಣ್ಣು ಮುಚ್ಚಿ ಅದರ ನಾದವನ್ನು ಆಲಿಸಿ, "ಇದು ಹಿತ್ತಾಳಿ" ಎಂದು ತೀರ್ಪು ಕೊಡುತ್ತಿದ್ದರು. ಕೊಡ ಹಳದಿಯಾಗಿ ಹೊಳೆಯುತ್ತಿದ್ದುದರಿಂದ ಗಿರಾಕಿಗೂ ಅದು ಮೊದಲೇ ಗೊತ್ತಿರುತ್ತಿತ್ತು. ಆದರೂ ತಟ್ಟಿ ಹೇಳಿದ ಮಾತಿಗೆ ತೂಕವೇ ಬೇರೆ.

ಇಂಥ ಗಟ್ಟಿ ಮನುಷ್ಯನಿಗೆ ಹೋದ ವರ್ಷ ಮೂರು ತಾಪತ್ರಯ ಒಟ್ಟಿಗೇ ಗಂಟುಬಿದ್ದವು. ಬೀಪಿ ಏರಿತು, ರಕ್ತ ಇಳಿಯಿತು, ಎದೆ ಉರಿಯಿತು. ವಿದ್ಯಾನಗರದ ಡಾಕ್ಟರ್ ಆರತಿಯವರು ಪರೀಕ್ಷೆ ಮಾಡಿ, "ಉಪ್ಪು ಕಡಿಮಿ ಮಾಡ್ರಿ. ರಕ್ತಕ್ಕ ಈ ಕಬ್ಬಿಣದ ಗುಳಿಗಿ ತಗೋರಿ. ಮಿರ್ಚಿ ಭಜಿ ಪೂರ್ತಿ ಬಿಟ್ಟಬಿಡ್ರಿ" ಎಂದರು. ಗುರುಸಿದ್ದಯ್ಯನವರು ಮೊದಲ ಎರಡನ್ನು ಶಿರಸಾವಹಿಸಿ ಪಾಲಿಸಿದರು. ಮೂರನೆಯದು ಅವರ ಕಿವಿಗೆ ಸರಿಯಾಗಿ ಬೀಳಲಿಲ್ಲ. ಭಜಿ ತಿಂದು ಎದೆ ಉರಿದಾಗಲೆಲ್ಲ ಒಂದು ಚಮಚ ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿದು, ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗುವಂತೆ ತೇಗುತ್ತಿದ್ದರು. ಔಷಧ ಕೈಯಲ್ಲಿರುವಾಗ ರೋಗಕ್ಕೆ ಹೆದರುವುದು ಔಷಧಕ್ಕೇ ಅವಮಾನ ಎಂಬುದು ಅವರ ವಾದ. ಸೋಡಾದ ಸಂಗತಿ ಮಾತ್ರ ಡಾಕ್ಟರಿಗೆ ತಿಳಿಸಿರಲಿಲ್ಲ. ಸಣ್ಣಪುಟ್ಟ ವಿಷಯಕ್ಕೆಲ್ಲ ಡಾಕ್ಟರಿಗೆ ತೊಂದರೆ ಕೊಡಬಾರದಲ್ಲ!

ಉಪ್ಪು ಬಿಟ್ಟದ್ದನ್ನು ಅವರು ಎಷ್ಟು ಜನರಿಗೆ ತಿಳಿಸಬಹುದೋ ಅಷ್ಟು ಜನರಿಗೆ ತಿಳಿಸಿದರು. ಮದುವೆಯ ಪಂಕ್ತಿಯಲ್ಲಿ ಉಪ್ಪಿನವನು ಇನ್ನೂ ನಾಲ್ಕು ಎಲೆ ದೂರ ಇರುವಾಗಲೇ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ನನಗ ಬಡಸಬ್ಯಾಡಪ್ಪಾ, ನಾ ಉಪ್ಪು ಬಿಟ್ಟೇನಿ" ಎಂದು ಕೂಗುತ್ತಿದ್ದರು. ಊಟದ ಮನೆಯಲ್ಲಿ ವಧೂವರರಿಗಿಂತ ಹೆಚ್ಚು ಜನ ಇವರನ್ನೇ ನೋಡಿದ ಪ್ರಸಂಗಗಳಿವೆ. ಇಷ್ಟಾದರೂ ಬೀಪಿ ಒಂದು ಗೆರೆಯೂ ಇಳಿಯಲಿಲ್ಲ. ಯಂತ್ರವೇ ಕೆಟ್ಟಿದೆ ಎಂದು ಅವರು ತೀರ್ಮಾನಿಸಿದ್ದರು.

ಕೇಶ್ವಾಪುರದ ಅವರ ಮನೆಯ ಹಿತ್ತಲಲ್ಲಿ ಹೆಂಡತಿ ದಾನವ್ವ ರೊಟ್ಟಿ ಮಾಡಿ ಮಾರುತ್ತಿದ್ದರು. ದುರಗವ್ವ, ಫಕೀರವ್ವ ಎಂಬ ಇಬ್ಬರು ಅವರ ಜೊತೆಗೆ ರೊಟ್ಟಿ ಬಡಿಯುತ್ತಿದ್ದರು. ಅವರ ಕೈಯ ಸದ್ದು ಕೇಳಿಯೇ ಓಣಿಯ ಜನ ಬೆಳಗಾಯಿತೆಂದು ಏಳುತ್ತಿದ್ದರು. ಈಗ ದೇಶಪಾಂಡೆ ನಗರದಲ್ಲಿ ಕೇಟರಿಂಗ್ ನಡೆಸುವ ಸೌಮ್ಯಾ ಎಂಬುವರು ಒಂದು ಗೃಹಪ್ರವೇಶದ ಊಟಕ್ಕೆ ರೊಟ್ಟಿ ಹೇಳಿದ್ದರು. "ವ್ಯಾಳ್ಯಾಕ್ಕ ಸರಿಯಾಗಿ ಬಂದು, ಮಂದಿಗೆ ರುಚಿ ಹತ್ತಿದ್ರ, ಈ ಸೀಸನ್ನಿನ ಎಲ್ಲಾ ಲಗ್ನದ ರೊಟ್ಟಿ ನಿಮ್ಮವ. ತಡಾ ಆದ್ರ ನಂದೂ ನಿಮ್ಮದೂ ಇಷ್ಟಕ್ಕ ಮುಗೀತು" ಎಂದಿದ್ದರು. ದಾನವ್ವ ಹಂಚುಗಳನ್ನೆಲ್ಲ ಉಜ್ಜಿ, ಹೊಸ ಒಲೆ ತರಿಸಿ, ಯುದ್ಧಕ್ಕೆ ಹೊರಟವರಂತೆ ಸಿದ್ಧರಾಗಿದ್ದರು.

ಆ ಊಟದ ಹಿಂದಿನ ಸಂಜೆ. ದಾನವ್ವನ ಅಣ್ಣನ ಮಗಳು ಮಾನಸಿ ಇವರ ಮನೆಯಲ್ಲೇ ಇದ್ದು ಹತ್ತನೇ ತರಗತಿ ಓದುತ್ತಿದ್ದಳು. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತ ವಿಜ್ಞಾನದ ಪಾಠ ಬಾಯಿಪಾಠ ಮಾಡುತ್ತಿದ್ದಳು.

"ಆಮ್ಲ ಮತ್ತು ಪ್ರತ್ಯಾಮ್ಲಗಳು ವರ್ತಿಸಿ ಲವಣ ಮತ್ತು ನೀರು ಉಂಟಾಗುತ್ತವೆ. ಆಮ್ಲ ಮತ್ತು ಪ್ರತ್ಯಾಮ್ಲಗಳು..."

ಭಜಿ ತಿಂದು ಬಂದು ಸೋಡಾದ ಲೋಟ ಹಿಡಿದು ಕೂತಿದ್ದ ಗುರುಸಿದ್ದಯ್ಯನವರು, ಸುಮ್ಮನೆ ಇರಲಾರದೆ ಕೇಳಿದರು: "ಏ ಮಾನಸಿ, ಆಮ್ಲ ಅಂದ್ರೇನವಾ?"

"ಆಸಿಡ್ ಮಾಮಾ. ಹುಳಿ. ನಮ್ಮ ಹೊಟ್ಟ್ಯಾಗೂ ಇರತೈತಿ."

"ನನ್ನ ಹೊಟ್ಟ್ಯಾಗ?"

"ಎಲ್ಲಾರ ಹೊಟ್ಟ್ಯಾಗ. ನಿಮ್ಮ ಹೊಟ್ಟ್ಯಾಗ ಚೂರು ಜಾಸ್ತಿ."

"ಮತ್ತ ಆ ಪ್ರತ್ಯಾಮ್ಲ?"

"ಅದರ ಸೊಕ್ಕು ಮುರಿಯೂದು. ಈಗ ನಿಮ್ಮ ಕೈಯ್ಯಾಗ ಐತೆಲ್ಲ ಸೋಡಾ, ಅದೂ ಅದ ಜಾತಿ."

"ಛಲೋ ಆತು. ಲವಣ ಅಂದ್ರ?"

"ಉಪ್ಪು."

ಗುರುಸಿದ್ದಯ್ಯನವರ ತುಟಿಯವರೆಗೆ ಬಂದಿದ್ದ ಲೋಟ ಅಲ್ಲೇ ನಿಂತಿತು. ಅವರು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಕಾಲಿನಿಂದ ಸ್ವಲ್ಪ ದೂರ ಸರಿಸಿದರು.

"ಅಂದ್ರ... ತಾಟಿನ್ಯಾಗ ಬಿಟ್ಟ ಉಪ್ಪನ್ನ ಹೊಟ್ಟ್ಯಾಗ ಕುಂತು ನಾನ ತಯಾರ ಮಾಡಾಕತ್ತೇನೇನು?"

"ಹಂಗಂತ ಬರದ್ರೂ ಮಾರ್ಕ್ಸ್ ಕೊಡತಾರ ಮಾಮಾ" ಎಂದು ಮಾನಸಿ ಪುಟ ತಿರುಗಿಸಿದಳು. "ಲೋಹಗಳು ಆಮ್ಲದೊಂದಿಗೆ ವರ್ತಿಸಿ..."

ಲೋಹ ಎಂದೊಡನೆ ಗುರುಸಿದ್ದಯ್ಯನವರು ನೆಟ್ಟಗೆ ಕೂತರು. ಇದು ಅವರ ಸ್ವಂತ ಇಲಾಖೆ.

"ಯಾವ ಲೋಹ? ತಾಮ್ರ ಮಾಡತೈತೇನು?"

"ತಾಮ್ರ ಸಾದಾ ಆಮ್ಲದ ಜೊತಿ ಏನೂ ಮಾಡೂದಿಲ್ಲ."

"ನಂಗ ಗೊತ್ತಿತ್ತು. ತಾಮ್ರ ಮರ್ಯಾದಸ್ಥ ಲೋಹ. ಮತ್ತ್ಯಾವುದು?"

"ಸತುವು, ಕಬ್ಬಿಣ, ಇವೆಲ್ಲಾ ಮಾಡತಾವು. ಲವಣ ಉಂಟಾಗಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಉರಿಯುವ ಕಡ್ಡಿಯನ್ನು ಹತ್ತಿರ ತಂದಾಗ ಹೈಡ್ರೋಜನ್ ಪಟ್ ಎಂಬ ಶಬ್ದದೊಂದಿಗೆ ಉರಿಯುತ್ತದೆ."

"ಕಬ್ಬಿಣ" ಎಂದು ಗುರುಸಿದ್ದಯ್ಯನವರು ಮೇಜಿನ ಮೇಲಿದ್ದ ಗುಳಿಗೆಯ ಪಟ್ಟಿಯನ್ನು ನೋಡಿದರು. "ಆ ಹೈಡ್ರೋಜನ್‌ಗೆ ವಾಸನಿ?"

"ಬಣ್ಣಾನೂ ಇಲ್ಲ, ವಾಸನಿನೂ ಇಲ್ಲ. ಬಂದದ್ದ ತಿಳಿಯೂದಿಲ್ಲ."

ಅದೇ ಹೊತ್ತಿಗೆ ಗುರುಸಿದ್ದಯ್ಯನವರಿಗೆ ತೇಗು ಬಂತು. ಅದಕ್ಕೆ ಬಣ್ಣ ಇರಲಿಲ್ಲ. ವಾಸನೆ ಭಜಿಯದಾಗಿತ್ತು, ಆದರೆ ಅದರ ಹಿಂದೆ ವಾಸನೆಯಿಲ್ಲದ ಏನೋ ಒಂದು ಇದ್ದಂತೆ ಅವರಿಗೆ ಅನ್ನಿಸಿತು. ಮಾನಸಿ ಮುಂದಿನ ಪುಟಕ್ಕೆ ಹೋಗುವ ಮೊದಲೇ ದಾನವ್ವ ಊಟಕ್ಕೆ ಕರೆದರು. ಆ ಒಂದು ಪುಟ ಓದದೇ ಉಳಿದದ್ದರಿಂದ ಮರುದಿನ ಏನೇನಾಯಿತು ಎಂಬುದನ್ನು ಕೇಶ್ವಾಪುರದ ಆ ಓಣಿಯವರು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಬೆಳಿಗ್ಗೆ ಗುರುಸಿದ್ದಯ್ಯನವರು ಪೂಜೆಯನ್ನು ದೀಪವಿಲ್ಲದೆ, ಊದಿನಕಡ್ಡಿ ಇಲ್ಲದೆ, ಎರಡು ಮಾರು ದೂರದಿಂದ ಮುಗಿಸಿದರು. ದೇವರೂ ಕತ್ತಲಲ್ಲೇ ಹೊಂದಿಕೊಂಡ. ಹಿತ್ತಲಲ್ಲಿ ದುರಗವ್ವ, ಫಕೀರವ್ವ ಹಿಟ್ಟಿನ ಮುಂದೆ ಕೂತಾಗಿತ್ತು. ದಾನವ್ವ ಲೈಟರ್ ಹಿಡಿದು ಒಲೆಯ ಹತ್ತಿರ ಬಗ್ಗಿದ್ದರು.

"ಹಚ್ಚಬ್ಯಾಡಾ!"

ಆ ಕೂಗಿಗೆ ಫಕೀರವ್ವನ ಕೈಯ ಹಿಟ್ಟಿನ ಉಂಡೆ ದುರಗವ್ವನ ಮಡಿಲಿಗೆ ಬಿತ್ತು. ಬಾಗಿಲಲ್ಲಿ ಗುರುಸಿದ್ದಯ್ಯನವರು ಬಾಯಿಗೆ ಟವೆಲ್ ಒತ್ತಿ ಹಿಡಿದು ನಿಂತಿದ್ದರು.

"ಯಾಕ್ರೀ? ಏನಾತು?"

"ಗ್ಯಾಸ್ ಐತಿ."

"ಎಲ್ಲಿ?"

ಇಲ್ಲಿ ಗುರುಸಿದ್ದಯ್ಯನವರಿಗೆ ಇಕ್ಕಟ್ಟಾಯಿತು. ಪೇಟೆಯಲ್ಲಿ ಹೆಸರಿದ್ದ ಮನುಷ್ಯ ಇಬ್ಬರು ಹೆಣ್ಣುಮಕ್ಕಳ ಎದುರಿಗೆ ತನ್ನ ಹೊಟ್ಟೆಯ ಒಳಗಿನ ಸಮಾಚಾರ ಹೇಳುವುದು ಹೇಗೆ? ಅವರು ಮರ್ಯಾದೆಯನ್ನು ಆರಿಸಿಕೊಂಡರು.

"ಮನ್ಯಾಗ ಐತಿ" ಎಂದರು. ಅವರೂ ಮನೆಯಲ್ಲೇ ಇದ್ದುದರಿಂದ ಅದು ಸುಳ್ಳೂ ಆಗಿರಲಿಲ್ಲ.

ದಾನವ್ವ ಲೈಟರ್ ಬಿಸಾಡಿ, ಸಿಲಿಂಡರಿನ ಕಿವಿ ತಿರುವಿ, ಪಕ್ಕದ ಮನೆಯ ಗೌಸಮೊದ್ದೀನರನ್ನು ಕೂಗಿದರು. ಗೌಸಮೊದ್ದೀನರು ಸ್ಟೋವ್ ರಿಪೇರಿಯವರು. ಲುಂಗಿಯಲ್ಲೇ ಓಡಿಬಂದು ಸಾಬೂನಿನ ನೀರನ್ನು ನಳಿಗೆ, ವಾಲ್ವಿಗೆ ಎಲ್ಲಾ ಕಡೆ ಸವರಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ವೈನಿ, ಇದ್ರಾಗ ಸೋರಾಕತ್ತಿಲ್ರಿ. ಅಯ್ಯಾವರ, ನಿಮಗ ವಾಸನಿ ಎಲ್ಲಿ ಬಂತು?"

"ವಾಸನಿ ಬಂದಿಲ್ಲ."

"ಮತ್ತ ಗ್ಯಾಸ್ ಐತಂತ ಹೆಂಗ ಗೊತ್ತಾತು?"

"ವಾಸನಿ ಇಲ್ಲದ ಗ್ಯಾಸ್ ಅದು. ಬಂದದ್ದ ತಿಳಿಯೂದಿಲ್ಲ. ಕಡ್ಡಿ ಹಚ್ಚಿದ್ರ ಮುಗೀತು, ಪಟ್ ಅಂತೈತಿ" ಎಂದರು ಗುರುಸಿದ್ದಯ್ಯನವರು, ಟವೆಲಿನ ಒಳಗಿಂದ.

ಗೌಸಮೊದ್ದೀನರು ಇಷ್ಟು ವರ್ಷ ವಾಸನೆಯ ಆಧಾರದ ಮೇಲೆಯೇ ಸಂಸಾರ ನಡೆಸಿದವರು. ವಾಸನೆಯೇ ಇಲ್ಲದ ಗ್ಯಾಸ್ ಅವರ ಲೆಕ್ಕದಲ್ಲೇ ಇರಲಿಲ್ಲ. ಬಾಯಲ್ಲಿದ್ದ ಬೀಡಿಯನ್ನು ಸಾಬೂನಿನ ನೀರಿಗೆ ಅದ್ದಿ, ಸಿಲಿಂಡರುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬೀದಿಗೆ ತಂದಿಟ್ಟು, "ಹೊರಗ ಬರ್ರಿ! ಎಲ್ಲಾರೂ ಹೊರಗ ಬರ್ರಿ!" ಎಂದು ಓಣಿಗೆ ಕೇಳುವಂತೆ ಕೂಗಿದರು.

ಮಹಡಿಯ ಬಾಡಿಗೆ ಮನೆಯ ವಿಶಾಲ ಇನ್ನೂ ಹಲ್ಲುಜ್ಜುತ್ತಿದ್ದ. ಬ್ರಶ್ ಬಾಯಲ್ಲಿಟ್ಟುಕೊಂಡೇ ಓಣಿಯ ವಾಟ್ಸಾಪ್ ಬಳಗಕ್ಕೆ ಸುದ್ದಿ ಹಾಕಿದ: "ಗುರುಸಿದ್ದಯ್ಯನವರ ಮನೆಯಲ್ಲಿ ವಾಸನೆ ಇಲ್ಲದ ಹೊಸ ಗ್ಯಾಸ್. ಯಾರೂ ಒಲೆ ಹಚ್ಚಬೇಡಿ. ಎಲ್ಲರಿಗೂ ಕಳಿಸಿ." ಎಲ್ಲರೂ ಎಲ್ಲರಿಗೂ ಕಳಿಸಿದರು. ಪೂರ್ತಿ ಓದುವ ಅಭ್ಯಾಸವಿಲ್ಲದ ಯಾರೋ ಒಬ್ಬರು "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಬರೆದು ಹೂವಿನ ಚಿತ್ರ ಹಾಕಿದರು. ಅದನ್ನು ನೋಡಿ ಉಳಿದವರೂ ಹೂವು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಧಾರವಾಡದಿಂದ ತಮ್ಮ ಗುರುಬಸವನ ಫೋನು ಬಂತು.

"ಅಣ್ಣಾ! ನೀ ಹೋದಿ ಅಂತಲ್ಲೋ!"

"ಇನ್ನೂ ಇಲ್ಲೋ" ಎಂದರು ಗುರುಸಿದ್ದಯ್ಯನವರು. "ಆದ್ರ ಏನೂ ಹೇಳಾಕ ಬರೂದಿಲ್ಲ."

"ಹಂಗಾರ ನಾ ಈಗ ಹೊರಡ್ಲ್ಯಾ, ಊಟಾ ಮಾಡಿ ಹೊರಡ್ಲ್ಯಾ?"

ಇಷ್ಟರಲ್ಲಿ ಓಣಿಯೆಲ್ಲ ಬೀದಿಗೆ ಬಂದಿತ್ತು. ಒಬ್ಬರು ಟೀವಿಯನ್ನು ಮಗುವಿನಂತೆ ಎತ್ತಿಕೊಂಡಿದ್ದರು. ಇನ್ನೊಬ್ಬರು ಅವಸರದಲ್ಲಿ ಬರೀ ರಿಮೋಟ್ ತಂದಿದ್ದರು. ಗೌಸಮೊದ್ದೀನರ ಹೆಂಡತಿ ಗುಲ್ಜಾರಬಿ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, "ಮನಿ ಹೋದ್ರ ಹೋಗ್ಲಿ, ಇದು ದಿನಾ ತತ್ತಿ ಇಡತೈತಿ" ಎನ್ನುತ್ತಿದ್ದರು. ದಾನವ್ವ ಮಾತ್ರ ಕಲಸಿದ ಹಿಟ್ಟಿನ ದೊಡ್ಡ ಪರಾತವನ್ನು ಎದೆಗವಚಿ ನಿಂತು, ಆಕಾಶದಲ್ಲಿ ಏರುತ್ತಿದ್ದ ಬಿಸಿಲನ್ನೂ ಗಂಡನನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದರು.

ಯಾರೋ ಫೋನು ಮಾಡಿದ್ದರಿಂದ, ಸೈರನ್ ಹೊಡೆದುಕೊಂಡು ಅಗ್ನಿಶಾಮಕದ ಕೆಂಪು ಗಾಡಿ ಬಂತು. ಮುಂದಿನ ಸೀಟಿನಿಂದ ಇಳಿದ ಅಧಿಕಾರಿ ರಾಮಪ್ಪನವರು ಸೈರನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದವರು. ಹೀಗಾಗಿ ಅವರ ಕಿವಿ ಮಂದ, ದನಿ ದೊಡ್ಡದು.

"ಎಲ್ಲೈತ್ರಿ ಗ್ಯಾಸ್?"

ಎಲ್ಲರೂ ಗುರುಸಿದ್ದಯ್ಯನವರತ್ತ ಕೈಮಾಡಿದರು. ಗುರುಸಿದ್ದಯ್ಯನವರು ರಾಮಪ್ಪನವರ ತೋಳು ಹಿಡಿದು ಒಂದು ಪಕ್ಕಕ್ಕೆ ಕರೆದೊಯ್ದು, ಕಿವಿಯ ಬಳಿ ಪಿಸುಗುಟ್ಟಿದರು: "ಮನ್ಯಾಗ ಇಲ್ರಿ. ನನ್ನೊಳಗ ಐತ್ರಿ."

"ಏನು?" ಎಂದು ರಾಮಪ್ಪನವರು ಗುಡುಗಿದರು. "ನಿಮ್ಮ ಹೊಟ್ಟ್ಯಾಗ ಗ್ಯಾಸಾ?"

ಓಣಿಯವರೆಲ್ಲ ಗುರುಸಿದ್ದಯ್ಯನವರ ಹೊಟ್ಟೆಯತ್ತ ತಿರುಗಿದರು. ಕೋಳಿಯೂ ಒಮ್ಮೆ ಕೊಕ್ಕೊಕ್ಕೋ ಎಂದಿತು.

"ಹೊಟ್ಟಿ ಗ್ಯಾಸಿಗೆ ಗಾಡಿ ಕರಸೀರೇನ್ರಿ? ನಾಳೆ ನೆಗಡಿ ಬಂದ್ರ ಪಂಪ್‌ಸೆಟ್ ತರಾಕ ಹೇಳತೀರೇನು?"

ಮರ್ಯಾದೆ ಹೇಗೂ ಹೋಗಿದ್ದರಿಂದ ಗುರುಸಿದ್ದಯ್ಯನವರಿಗೆ ಈಗ ಧೈರ್ಯ ಬಂತು. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಅಂಗಡಿಯ ಗಾದಿಯ ಮೇಲೆ ಕೂತವರ ಗತ್ತಿನಲ್ಲಿ ಶುರುಮಾಡಿದರು.

"ಸಾದಾ ಗ್ಯಾಸ್ ಅಲ್ರಿ ಇದು, ಹೈಡ್ರೋಜನ್! ಹೊಟ್ಟ್ಯಾಗ ಆಸಿಡ್ ಇರತೈತಿ. ಮ್ಯಾಲ ನಾವು ಕಬ್ಬಿಣದ ಗುಳಿಗಿ ತಗೋತೇವಿ. ಆಸಿಡ್‌ಗೆ ಲೋಹ ಬಿದ್ದ ಕೂಡ್ಲೇ ಒಂದು ಕಡೆ ಉಪ್ಪು, ಇನ್ನೊಂದು ಕಡೆ ಹೈಡ್ರೋಜನ್. ಕಡ್ಡಿ ತೋರಿಸಿದ್ರ ಪಟ್! ನಾ ಹೇಳಿದ್ದಲ್ಲ, ಸರ್ಕಾರದ ಪುಸ್ತಕದಾಗ ಐತಿ. ಲೋಹದ ವಿಷಯ ನನಗ ಕೇಳ್ರಿ."

ರಾಮಪ್ಪನವರು ನಗಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಫಕೀರವ್ವ ಮೆಲ್ಲಗೆ ಕೇಳಿದರು: "ಅಯ್ಯಾರ, ನನಗೂ ದವಾಖಾನ್ಯಾಗ ಕಬ್ಬಿಣದ ಗುಳಿಗಿ ಕೊಟ್ಟಾರ್ರಿ. ನಾನೂ ಪಟ್ ಅಂತೇನೇನ್ರಿ?"

"ನಾನೂ ತಗೋತೇನಿ" ಎಂದರು ದುರಗವ್ವ.

"ಯಾ ಅಲ್ಲಾ, ನಾನೂ!" ಎಂದರು ಗುಲ್ಜಾರಬಿ.

ವಿಚಾರಿಸುತ್ತ ಹೋದಂತೆ ಓಣಿಯ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ರಕ್ತಕ್ಕೆಂದು ಕಬ್ಬಿಣ ನುಂಗುತ್ತಿರುವುದು ಬೆಳಕಿಗೆ ಬಂತು. ಗಂಡಂದಿರು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಮಹಡಿಯ ಮೇಲಿಂದ ವಿಡಿಯೋ ಮಾಡುತ್ತಿದ್ದ ವಿಶಾಲ, ಇದು ಅಪಾಯಕಾರಿ ಓಣಿ ಎಂದು ಹೊಸ ಸುದ್ದಿ ಬರೆಯತೊಡಗಿದ. ನಗಬೇಕೆಂದಿದ್ದ ರಾಮಪ್ಪನವರೂ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಾ ಬರೀ ಎದಿ ಉರಿ ಗುಳಿಗಿ ತಗೋತೇನಿ. ಅದಕ್ಕೇನೂ ಆಗೂದಿಲ್ಲಲ್ಲ?" ಎಂದು ಕೇಳಿದರು.

"ನಿಮ್ಮದು ಬರೀ ಉಪ್ಪು" ಎಂದು ಗುರುಸಿದ್ದಯ್ಯನವರು ಸಮಾಧಾನ ಹೇಳಿದರು. "ನೀವು ಬೆಂಕಿ ಹತ್ರ ಹೋಗಬಹುದು."

ದಾನವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. ಪರಾತವನ್ನು ಗಂಡನ ಕೈಗೆ ಕೊಟ್ಟು, ಡಾಕ್ಟರ್ ಆರತಿಯವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಆ ಕಡೆ ಡಾಕ್ಟರು ಫೋನಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆಂದು ಆಮೇಲೆ ಅವರ ನರ್ಸು ಹೇಳಿದ್ದುಂಟು.

"ಗುರುಸಿದ್ದಯ್ಯನವರ" ಎಂದರು ಡಾಕ್ಟರು ಕೊನೆಗೆ. "ಆ ಗುಳಿಗ್ಯಾಗ ಮೊಳಿ, ಕಬ್ಬಿಣದ ಪುಡಿ ಏನೂ ಇರೂದಿಲ್ರಿ. ಅದು ಆಸಿಡ್ ಜೊತಿ ಮೊದಲ ಕೂಡಿ, ಲವಣ ಆಗೇ ಬಂದಿರತದ. ನಿಮ್ಮ ಹೊಟ್ಟ್ಯಾಗ ಹೈಡ್ರೋಜನ್ ಆಗೂ ಪ್ರಶ್ನೆನ ಇಲ್ಲ."

ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು. ಗಂಡಂದಿರು ನಾಚಿಕೊಂಡು ಒಂದೊಂದು ಹೆಜ್ಜೆ ಮುಂದೆ ಬಂದರು. ಗುರುಸಿದ್ದಯ್ಯನವರೊಬ್ಬರು ಮಾತ್ರ ಬೆಚ್ಚಿಬಿದ್ದರು.

"ಅದೂ ಉಪ್ಪಾ? ಗುಳಿಗಿನೂ ಉಪ್ಪಾ?"

"ಅದು ನೀವು ಊಟಕ್ಕ ಹಾಕ್ಕೊಳ್ಳೋ ಉಪ್ಪಲ್ರಿ. ಲವಣದಾಗ ಸಾವಿರ ನಮೂನಿ ಇರತಾವ. ಅದರಿಂದ ನಿಮ್ಮ ಬೀಪಿ ಏರೂದಿಲ್ಲ."

"ಮತ್ತ ಸೋಡಾದಿಂದ ಆಗೂ ಉಪ್ಪು?"

"ಯಾವ ಸೋಡಾ?"

ಗುರುಸಿದ್ದಯ್ಯನವರು ಕೆಮ್ಮಿದರು. ದಾನವ್ವ ಕೆಮ್ಮಲಿಲ್ಲ. ಭಜಿ, ಚಮಚ, ಲೋಟ, ಎಲ್ಲವನ್ನೂ ಡಾಕ್ಟರಿಗೆ ವರದಿ ಮಾಡಿದರು. ಫೋನು ಈಗ ರಾಮಪ್ಪನವರಿಗಿಂತ ದೊಡ್ಡ ದನಿಯಲ್ಲಿ ಮಾತಾಡಿತು.

"ದಿನಾ ಸೋಡಾ ಕುಡೀತೀರೇನ್ರಿ? ಅದು ಹೊಟ್ಟಿ ಆಸಿಡ್ ಕೂಡ ಸೇರಿ ಏನಾಗತದ ಗೊತ್ತದ ಏನು? ಉಪ್ಪು! ಥೇಟ್ ಊಟದ ಉಪ್ಪು! ಅದಕ್ಕ ನಿಮ್ಮ ಬೀಪಿ ಇಳೀವಲ್ದು! ಇವತ್ತ ಬಂದ ಮಾಡ್ರಿ. ಭಜಿನೂ ಬಂದ!"

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಗುರುಸಿದ್ದಯ್ಯನವರು ಪರಾತವನ್ನು ತಲೆಯ ಮೇಲೆತ್ತಿ ಓಣಿಯತ್ತ ತಿರುಗಿದರು. "ಕೇಳಿದ್ರಿಲ್ಲ? ಡಾಕ್ಟರ ಹೇಳಿದ್ರು, ಕೇಳಿದ್ರಿಲ್ಲ? ಹೊಟ್ಟ್ಯಾಗ ಉಪ್ಪಾಗತೈತಂತ ನಿನ್ನೆ ಸಂಜೀಲಿಂದ ನಾ ಬಡಕೋಳಾಕತ್ತೇನಿ!"

ಖರೆ ಹೇಳಬೇಕೆಂದರೆ ಅವರು ಯಾರ ಮುಂದೆಯೂ ಹಾಗೆ ಬಡಿದುಕೊಂಡಿರಲಿಲ್ಲ. ಆದರೂ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು.

"ಹಂಗಾರ ಆ ತೇಗಿನ ಗ್ಯಾಸ್ ಯಾವುದ್ರಿ?" ಎಂದು ಗೌಸಮೊದ್ದೀನರು ಕೇಳಿದರು. ವೃತ್ತಿಯ ಪ್ರಶ್ನೆ ಇನ್ನೂ ಬಾಕಿ ಇತ್ತು.

ಗದ್ದಲದ ನಡುವೆ ಕಟ್ಟೆಯ ಮೇಲೆ ಕೂತು ಓದುತ್ತಿದ್ದ ಮಾನಸಿ ತಲೆ ಎತ್ತಿದಳು. "ಅದು ಮುಂದಿನ ಪುಟದಾಗ ಐತಿ ಕಾಕಾ. ಸೋಡಾ ಆಮ್ಲದ ಜೊತಿ ಸೇರಿದ್ರ ಲವಣ, ನೀರು, ಇಂಗಾಲದ ಡೈಆಕ್ಸೈಡ್."

"ಅಯ್ಯ, ಅದು ಬೆಂಕಿ ಆರಸೂ ಗ್ಯಾಸ್!" ಎಂದು ರಾಮಪ್ಪನವರು ತಮ್ಮ ಗಾಡಿಯತ್ತ ಬೊಟ್ಟು ಮಾಡಿದರು. "ಅಲ್ಲಿ ಆ ಕೆಂಪು ನಳಿಗ್ಯಾಗ ತುಂಬಿಟ್ಟೇವೆಲ್ಲ, ಅದ."

ಓಣಿ ನಕ್ಕ ನಗೆಗೆ ಗುಲ್ಜಾರಬಿಯ ಕೋಳಿ ಕಂಕುಳಿಂದ ಜಾರಿ ಓಡಿಹೋಯಿತು. ಆದರೆ ದಾನವ್ವನ ಕೈಯಲ್ಲಿದ್ದ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಸೌಮ್ಯಾ.

"ರೊಟ್ಟಿ ಹೊಂಟಾವೇನ್ರಿ?"

"ಹೊಂಟ್ವು ನೋಡ್ರಿ" ಎಂದು ದಾನವ್ವ ಇನ್ನೂ ಹಸಿಯಾಗಿಯೇ ಇದ್ದ ಹಿಟ್ಟನ್ನು ನೋಡುತ್ತ ಹೇಳಿ, ಫೋನಿಟ್ಟು, ಓಣಿಯತ್ತ ತಿರುಗಿದರು. ಕಣ್ಣಲ್ಲಿ ನೀರು ಬರುವುದರಲ್ಲಿತ್ತು, ಅವರು ಅದಕ್ಕೆ ಪುರಸೊತ್ತು ಕೊಡಲಿಲ್ಲ. "ಗೌಸಮೊದ್ದೀನಣ್ಣಾ, ಸಿಲಿಂಡರ್ ಒಳಗ ತರ್ರಿ. ಗುಲ್ಜಾರಬಿ, ನಿಮ್ಮ ಒಲಿನೂ ಹಚ್ಚರಿ, ಕೋಳಿ ಆಮ್ಯಾಲ ಹುಡುಕೋಣು. ಯಾರ ಯಾರ ಮನ್ಯಾಗ ಹಂಚು ಅದಾವು, ತರ್ರಿ!"

ಈಗತಾನೇ ಸಾಯದೆ ಉಳಿದ ಹೆಂಗಸರೆಲ್ಲ ದುಪ್ಪಟ್ಟು ಹುರುಪಿನಿಂದ ಹಂಚು ತಂದರು. ಅಗ್ನಿಶಾಮಕದ ಹುಡುಗರು, ಬಂದ ಮೇಲೆ ಬರಿಗೈಲಿ ಹೋಗಬಾರದೆಂದು, ನೀರು ಸೇದಿ ಕೊಟ್ಟರು. ದುರಗವ್ವ, ಫಕೀರವ್ವರ ಕೈಯ ಸದ್ದಿನ ಜೊತೆ ಓಣಿಯ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಎದ್ದಿತು. ದಾನವ್ವ ಗಂಡನ ತೋಳು ಹಿಡಿದು ತಂದು ಎಲ್ಲಕ್ಕಿಂತ ದೊಡ್ಡ ಒಲೆಯ ಎದುರಿಗೆ ಕೂರಿಸಿದರು.

"ನಾ ಇಲ್ಲಿ ಕುಂದ್ರೂದು ಛಲೋ ಅಲ್ಲ ಅನಸತೈತಿ" ಎಂದರು ಗುರುಸಿದ್ದಯ್ಯನವರು. "ಪುಸ್ತಕದಾಗೂ ತಪ್ಪಿರತಾವು. ಡಾಕ್ಟರೂ ಮನಷ್ಯಾರ..."

ಮಾತು ಮುಗಿಯುವ ಮೊದಲೇ ಹೊಟ್ಟೆಯೊಳಗಿಂದ ಏನೋ ಮೇಲೇರತೊಡಗಿತು. ಅವರ ಕಣ್ಣು ಅಗಲವಾದವು. ಬಡಿಯುತ್ತಿದ್ದ ಕೈಗಳೆಲ್ಲ ನಿಂತವು. ಡಾಕ್ಟರ ಮಾತು ಕೇಳಿದ್ದರೂ ಫಕೀರವ್ವ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದರು. ಗೌಸಮೊದ್ದೀನರು ಕಂಬದ ಹಿಂದೆ ಹೋದರು. ರಾಮಪ್ಪನವರು ಯಾವುದಕ್ಕೂ ಇರಲಿ ಎಂದು ಕೆಂಪು ನಳಿಗೆಯನ್ನು ಕೈಗೆತ್ತಿಕೊಂಡರು. ಗುರುಸಿದ್ದಯ್ಯನವರು ಬಾಯಿ ಮುಚ್ಚಿ ತಡೆದರು, ತಡೆದರು, ಕೊನೆಗೆ ತಡೆಯಲಾರದೆ ಒಲೆಯ ಉರಿಗೆ ನೇರವಾಗಿ ಒಂದು ದೀರ್ಘವಾದ ತೇಗು ಬಿಟ್ಟರು.

ಉರಿ ಸ್ವಲ್ಪ ಬಾಗಿತು. ಮತ್ತೆ ನೆಟ್ಟಗಾಯಿತು. ಪಟ್ ಎನ್ನಲಿಲ್ಲ.

ಗುರುಸಿದ್ದಯ್ಯನವರ ಮುಖದಲ್ಲಿ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚಾಗಿ ಕಂಡಿತು. ಇಷ್ಟು ಜನ ಸೇರಿದ್ದಕ್ಕಾದರೂ ಸಣ್ಣದೊಂದು ಸದ್ದು ಬರಬಹುದಿತ್ತು.

"ಮುಗೀತಿಲ್ಲ?" ಎಂದರು ದಾನವ್ವ. "ಹಿಟ್ಟ ನಾದ್ರಿ."

ರೊಟ್ಟಿಗಳು ಸಿದ್ಧವಾದಾಗ ಹೊತ್ತು ಮೀರುತ್ತ ಬಂದಿತ್ತು. ಆಟೋ ಹುಡುಕುತ್ತ ನಿಂತರೆ ಊಟದ ಪಂಕ್ತಿ ಎದ್ದುಹೋಗುತ್ತಿತ್ತು. ಬಿಸಿ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ತಿಂದು ಮೆತ್ತಗಾಗಿದ್ದ ರಾಮಪ್ಪನವರು, "ನಾವು ಹೆಂಗೂ ದೇಶಪಾಂಡೆ ನಗರದ ಮ್ಯಾಲ ಹೋಗೋರ, ಬುಟ್ಟಿ ಇಡ್ರಿ" ಎಂದರು. ಕೆಂಪು ಗಾಡಿ ಸಿಗ್ನಲ್ಲುಗಳನ್ನು ಸೀಳಿಕೊಂಡು ಹೋಗಿ ಗೃಹಪ್ರವೇಶದ ಮನೆಯ ಮುಂದೆ ನಿಂತಾಗ, ಹೊಸ ಮನೆಗೆ ಬೆಂಕಿ ಬಿತ್ತೆಂದು ನೆಂಟರೆಲ್ಲ ಎಂಜಲು ಕೈಯಲ್ಲೇ ಹೊರಗೆ ಓಡಿಬಂದರು. ಗಾಡಿಯ ಮೇಲಿಂದ ಗುರುಸಿದ್ದಯ್ಯನವರು ರೊಟ್ಟಿಯ ಬುಟ್ಟಿ ಹೊತ್ತು ಇಳಿದರು.

ಸಂಜೆ ಸೌಮ್ಯಾ ಫೋನು ಮಾಡಿದರು.

"ರೊಟ್ಟಿ ಭಾಳ ಛಲೋ ಇದ್ದೂರಿ ದಾನವ್ವಾರ. ಸೀಸನ್ ಪೂರ್ತಿ ನಿಮ್ಮವ. ಆದ್ರ ಇನ್ನ ಮ್ಯಾಲೆ ದಯಮಾಡಿ ಆಟೋದಾಗ ಕಳಸ್ರಿ."